ನೀರೊಳಗಿದ್ದೂ ಬೆವತವನು

ಕೇಳುಗರಿಗೆ ನಮಸ್ಕಾರ.

ಕಥೆ ಬರೆಯುವವರು ನಾಯಕನಿಗೆ ಊರು, ಮನೆ, ಓದು, ಹಳೆಯದೊಂದು ಪ್ರೇಮ, ಎಲ್ಲವನ್ನೂ ಕೊಡುತ್ತಾರೆ. ಎದುರಾಳಿಯ ಪಾಲಿಗೆ ಬರುವುದು ಕೆಂಗಣ್ಣು ಮತ್ತು ಒಂದು ಗಹಗಹ ನಗು. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮುಂದೇನಾಗುತ್ತದೆ ಎಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾದ ಮೇಲೆ ಪುಟ ತಿರುವುವುದು ಬರೀ ಅಭ್ಯಾಸಬಲದಿಂದ.

ಇದಕ್ಕೆ ಮದ್ದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಾವಿರ ವರ್ಷಗಳ ಹಿಂದಿನ ರನ್ನನ ಗದಾಯುದ್ಧವನ್ನು ತೆಗೆದುಕೊಳ್ಳಿ. ರನ್ನನ ಆಶ್ರಯದಾತ ಚಾಲುಕ್ಯ ದೊರೆ ಸತ್ಯಾಶ್ರಯ. ಕಾವ್ಯದಲ್ಲಿ ಅವನಿಗೂ ಭೀಮನಿಗೂ ಅಭೇದ. ಅಂದರೆ ಅನ್ನ ಕೊಡುವ ಧಣಿಯೇ ನಾಯಕನ ಜಾಗದಲ್ಲಿ ಕೂತಿದ್ದಾನೆ. ಎದುರಾಳಿಯನ್ನು ಕುಬ್ಜನನ್ನಾಗಿ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಯಾವ ಕವಿಗೆ ಸಿಕ್ಕೀತು? ರನ್ನ ಮಾಡಿದ್ದು ಬೇರೆ. ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ.

ಸಂಜಯನ ಜತೆ ಅವನು ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಒಂದೊಂದು ಹೆಣದ ಮುಂದೆಯೂ ಅವನು ಬೇರೆ ಬೇರೆ ಮನುಷ್ಯ. ಅಭಿಮನ್ಯು ಶತ್ರುವಿನ ಮಗ. ಆದರೂ ಅವನ ಮುಂದೆ ನಿಂತು, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ದುಶ್ಶಾಸನನ ಮುಂದೆ ಹೇಳುವ ಮಾತು ಇನ್ನೂ ಚಿಕ್ಕದು: ತಾಯ ಮೊಲೆಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಎಲ್ಲದರಲ್ಲೂ ನನ್ನ ಹಿಂದೆಯೇ ಬಂದೆ, ಸಾವಿನಲ್ಲಿ ಮಾತ್ರ ಮುಂದೆ ಹೋದೆ. ದುರ್ಯೋಧನನ ಬಾಲ್ಯದ ಬಗ್ಗೆ ರನ್ನ ಇಲ್ಲಿ ಅಧ್ಯಾಯ ಬರೆಯಲಿಲ್ಲ. ಕಳಕೊಂಡ ಗಳಿಗೆಯಲ್ಲಿ ಒಂದೇ ಒಂದು ನೆನಪನ್ನು ಎಳೆದು ತಂದ, ಅಷ್ಟೆ. ಈಗಿನ ಬರಹಗಾರರು ಖಳನ ಮೇಲೆ ಕನಿಕರ ಹುಟ್ಟಿಸಲು ನಾಲ್ಕು ಪುಟ ದುಃಖದ ಬಾಲ್ಯ ಬರೆಯುತ್ತಾರಲ್ಲ, ಅದು ಅರ್ಜಿಗೆ ಲಗತ್ತಿಸಿದ ದಾಖಲೆಯಂತೆ ಕಾಣುತ್ತದೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿಯ ಮಾತೆತ್ತುತ್ತಾನೆ. ಬಾಗಿಲು ತೆರೆದೇ ಇದೆ. ದುರ್ಯೋಧನನ ಉತ್ತರ, ‘ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ’. ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರೊಡನೆ ಮತ್ತೆ ಬಾಳುವೆನೇ ಎನ್ನುತ್ತಾನೆ. ಯುದ್ಧ ಶುರುವಾದದ್ದು ನೆಲಕ್ಕಾಗಿಯೇ. ಆದರೆ ಕೊನೆಗೆ ಬರುವ ಹೊತ್ತಿಗೆ ಅವನ ಕಾರಣ ಬದಲಾಗಿದೆ. ಹತ್ತನೆಯ ಪುಟದಲ್ಲಿ ಎದುರಾಳಿಗೆ ಏನು ಬೇಕಿತ್ತೋ ಇನ್ನೂರನೆಯ ಪುಟದಲ್ಲೂ ಅದೇ ಬೇಕಿದ್ದರೆ, ನಡುವೆ ನಡೆದದ್ದು ಅವನನ್ನು ಮುಟ್ಟಲೇ ಇಲ್ಲ ಎಂದರ್ಥ.

ಸುಮಾರು ನೂರು ವರ್ಷಗಳ ಅನಂತರ ನಾಗಚಂದ್ರ ಬರುತ್ತಾನೆ. ಅವನದು ಜೈನ ಪರಂಪರೆಯ ರಾಮಕಥೆ, ರಾಮಚಂದ್ರಚರಿತಪುರಾಣ. ಇಲ್ಲಿ ರಾವಣ ಒಪ್ಪದ ಹೆಣ್ಣನ್ನು ಮುಟ್ಟೆನೆಂಬ ವ್ರತ ತೊಟ್ಟವನು. ತಾನಾಗಿ ಒಲಿದು ಬಂದ ಪರಸ್ತ್ರೀ ಉಪರಂಭೆಗೂ ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸಿದವನು. ಇಂಥವನು ಸೀತೆಯನ್ನು ಕಂಡು ಎಡವುತ್ತಾನೆ. ಸಮುದ್ರವೂ ಒಮ್ಮೊಮ್ಮೆ ಕಾಲವಶದಿಂದ ಎಲ್ಲೆ ದಾಟುವುದಿಲ್ಲವೇ ಎಂದು ಕವಿಯೇ ಕೇಳುತ್ತಾನೆ. ಕೊನೆಗೆ ರಾವಣನಿಗೆ ತನ್ನ ತಪ್ಪು ಅರಿವಾಗುತ್ತದೆ, ಸೀತೆಯನ್ನು ಒಪ್ಪಿಸಬೇಕೆಂಬ ಮನಸ್ಸೂ ಬರುತ್ತದೆ. ಈಗಲೇ ಒಪ್ಪಿಸಿದರೆ ಅಂಜಿದ ಅನ್ನುತ್ತಾರೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಆಮೇಲೆ ಮರ್ಯಾದೆಯಿಂದ ಒಪ್ಪಿಸುತ್ತೇನೆ ಎಂದು ನಿಶ್ಚಯಿಸುತ್ತಾನೆ. ಆ ‘ಆಮೇಲೆ’ಯೇ ಅವನನ್ನು ಕೊಂದದ್ದು.

ಎರಡೂ ಕಡೆ ಕಸುಬು ಒಂದೇ. ಎದುರಾಳಿಗೆ ಹಿಂದಿರುಗುವ ದಾರಿಯನ್ನು ಓದುಗನ ಕಣ್ಣೆದುರು ತೆರೆದಿಡುವುದು, ಅವನು ಯಾಕೆ ಹಿಂದಿರುಗಲಾರ ಎಂಬುದನ್ನು ಅವನ ಸ್ವಭಾವದಿಂದಲೇ ಹುಟ್ಟಿಸುವುದು. ದಾರಿಯೇ ಇಲ್ಲದವನು ಬೋನಿಗೆ ಬಿದ್ದ ಪ್ರಾಣಿ. ದಾರಿ ಇದ್ದೂ ಹೋಗದವನನ್ನು ಓದುಗ ಉಸಿರು ಬಿಗಿಹಿಡಿದು ನೋಡುತ್ತಾನೆ.

ಇದನ್ನು ಇವತ್ತಿನ ಕಥೆಯಲ್ಲಿ ಹೇಗೆ ಮಾಡುವುದು? ಮಲೆನಾಡಿನ ಅಡಿಕೆ ತೋಟ ಇಟ್ಟುಕೊಳ್ಳೋಣ. ಮೇಲಿನ ಎಕರೆ ಅಣ್ಣನದು, ಕೆಳಗಿನ ಎಕರೆ ತಮ್ಮನದು, ಒಂದೊಂದರಲ್ಲೂ ಐನೂರೈವತ್ತರ ಆಸುಪಾಸು ಮರ. ಇಬ್ಬರಿಗೂ ಗುಡ್ಡದಿಂದ ಹರಿದುಬರುವ ಒಂದೇ ಅಬ್ಬಿ ನೀರು. ಮಾರ್ಚ್ ಬಂತು, ನೀರು ಸಣ್ಣಗಾಯಿತು, ಅಣ್ಣ ರಾತ್ರಿ ಕಾಲುವೆಗೆ ಬಾಳೆದಿಂಡು, ಮಣ್ಣು ತುಂಬಿ ಕಟ್ಟಿದ. ಮೊದಲ ಕರಡಿನಲ್ಲಿ ಅವನು ದುರಾಸೆಯವನು, ಕಥೆ ಅಲ್ಲೇ ಸತ್ತಿತು.

ಎರಡನೆಯ ಕರಡಿನಲ್ಲಿ ಅವನಿಗೊಂದು ಲೆಕ್ಕ ಕೊಡಿ. ಅಪ್ಪ ಮಲಗಿದಾಗ ಕಾಲೇಜು ಬಿಟ್ಟು ತೋಟ ನೋಡಿಕೊಂಡವನು ಅವನು. ಆ ಅಡಿಕೆಯ ದುಡ್ಡಿನಲ್ಲೇ ತಮ್ಮ ಬೆಂಗಳೂರಿನಲ್ಲಿ ಓದಿ, ವಾಪಸ್ ಬಂದು ಸಮಪಾಲು ಕೇಳಿದ. ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿ ನೂರು ಹೊಸ ಸಸಿ ನೆಟ್ಟಿದ್ದಾನೆ. ಅವು ಫಸಲು ಕೊಡಲು ಐದಾರು ವರ್ಷ ಬೇಕು, ಈ ಬೇಸಿಗೆ ನೀರು ತಪ್ಪಿದರೆ ಒಣಗುತ್ತವೆ. ಈಗ ಕೇಳುವವರಲ್ಲಿ ಅರ್ಧ ಜನ ಅಣ್ಣನ ಕಡೆ ವಾಲುತ್ತಾರೆ. ವಾಲಬೇಕು.

ಆಮೇಲೆ ಬಾಗಿಲು ತೆರೆಯಿರಿ, ಮೂರು ಸಲ. ಮೊದಲು ತಮ್ಮ ಒಬ್ಬನೇ ಬಂದು ದಿನ ಬಿಟ್ಟು ದಿನ ನೀರು ಹಂಚಿಕೊಳ್ಳೋಣ ಎನ್ನುತ್ತಾನೆ. ಆಗ ಒಪ್ಪಿದ್ದರೆ ಅಣ್ಣನಿಗೆ ನಷ್ಟ ನಾಲ್ಕು ಸಸಿ. ಎರಡನೆಯ ಸಲ ಊರ ಹಿರಿಯರ ಮುಂದೆ. ಈಗ ಒಪ್ಪಿದರೆ ಸಸಿಯ ಜತೆ ಮರ್ಯಾದೆಯೂ ಹೋಗುತ್ತದೆ. ಮೂರನೆಯ ಸಲಕ್ಕೆ ತಮ್ಮನ ಹಸು ಕಾಲುವೆಯ ಕಟ್ಟೆಯ ಬಳಿ ಸತ್ತುಬಿದ್ದಿದೆ, ಅದು ಹೇಗೆ ಸತ್ತಿತೆಂದು ಅಣ್ಣನಿಗೊಬ್ಬನಿಗೇ ಗೊತ್ತು. ಪ್ರತಿ ಸಲವೂ ಹಿಂದಿರುಗುವ ಬೆಲೆ ಏರಬೇಕು. ಬೆಲೆ ಏರದೆ ಮೂರು ಸಲವೂ ಒಂದೇ ‘ಇಲ್ಲ’ ಬಂದರೆ ಅದು ಹಟಮಾರಿತನ, ಓದುಗನಿಗೆ ಎರಡನೆಯ ಸಲಕ್ಕೇ ಬೇಸರ.

ಅರವತ್ತು ಸಾವಿರ ಪದಗಳ ಕಾದಂಬರಿಯಾದರೆ ಮೊದಲ ಬಾಗಿಲು ಹದಿನೈದು ಸಾವಿರದೊಳಗೆ, ಎರಡನೆಯದು ನಡುವಿಗೆ, ಮೂರನೆಯದು ಕೊನೆಯ ಘರ್ಷಣೆಗೆ ತುಸು ಮೊದಲು. ಮೂರು ಸಾವಿರ ಪದಗಳ ಸಣ್ಣಕತೆಗೆ ಒಂದೇ ಬಾಗಿಲು ಸಾಕು. ಅಲ್ಲಿ ಎದುರಾಳಿ ಎರಡು ದೃಶ್ಯಗಳಲ್ಲಿ ಎದುರಿಗೆ ಬಂದರೆ ಆಯಿತು. ಉಳಿದ ಕಡೆ ಅವನು ಮಾಡಿದ್ದು ಕಾಣಲಿ: ಒಣಗಿದ ಕಾಲುವೆ, ಹಳದಿಯಾದ ಸೋಗೆ.

ಅವಸರದಲ್ಲಿ ಮುಖ ತೋರಿಸುವ ಚಾಳಿಗೆ ನಮ್ಮ ಯಕ್ಷಗಾನ ಒಳ್ಳೆಯ ಪಾಠ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಬರುವಾಗ ಮೊದಲು ಕೇಳುವುದು ಆರ್ಭಟ, ಮೊದಲು ಕಾಣುವುದು ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆನ್ನುವ ಬೆಂಕಿ. ಮುಖ ಆಮೇಲೆ.

ಹಾಳಾಗುವ ಇನ್ನೆರಡು ಜಾಗಗಳಿವೆ. ಒಂದು, ಇಡೀ ಕಥೆಯಲ್ಲಿ ಚಾಣಾಕ್ಷನಾಗಿದ್ದವನು ಕೊನೆಯಲ್ಲಿ ಥಟ್ಟನೆ ದಡ್ಡನಾಗುವುದು, ಬೀಗ ಹಾಕಲು ಮರೆಯುವುದು. ನಾಯಕ ಗೆಲ್ಲಬೇಕಾದರೆ ಎದುರಾಳಿಯ ಬಲದ ಮೂಲಕವೇ ಗೆಲ್ಲಲಿ. ಅಣ್ಣನ ಬಲ ಅವನ ಲೆಕ್ಕ, ಹಾಗಾದರೆ ಸೋಲೂ ಲೆಕ್ಕದ ಪುಸ್ತಕದಿಂದಲೇ ಬರಲಿ. ಇನ್ನೊಂದು, ಅವನೇ ನಿಂತು ತನ್ನ ಮನಸ್ಸನ್ನು ವಿವರಿಸುವ ಭಾಷಣ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿದಾಗ ರನ್ನ ಬರೆದದ್ದು ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗಿದ್ದೂ ಬೆವತ. ಕೋಪವೋ ಅಪಮಾನವೋ ನೀವೇ ಅಳೆದುಕೊಳ್ಳಿ. ಮೈ ಹೇಳಿದ ಮೇಲೆ ಬಾಯಿಗೆ ಕೆಲಸ ಕಡಿಮೆ.

ಹಾಗಂತ ಅವನ ವಾದ ನಿಮಗೆ ಗೊತ್ತಿರಬಾರದು ಎಂದಲ್ಲ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ರಾವಣನ ‘ಅರ್ಥ’, ಅಂದರೆ ಪಾತ್ರದ ಪರವಾಗಿ ಆಡುವ ಮಾತು, ಹೇಳುವವರಿಗೆ ಕಿರೀಟವಿಲ್ಲ, ಬಣ್ಣವಿಲ್ಲ. ಮಾತಿನಿಂದಲೇ ಅವನ ಪಕ್ಷ ನಿಲ್ಲಿಸಬೇಕು. ಬರೆಯಲು ಕೂರುವ ಮುನ್ನ ಒಂದು ಬಿಳಿ ಹಾಳೆಯಲ್ಲಿ ಎದುರಾಳಿಯ ಅರ್ಥವನ್ನು ಇಪ್ಪತ್ತು ಸಾಲು ಬರೆಯಿರಿ, ‘ನಾನು’ ಎಂದೇ ಶುರುಮಾಡಿ. ಪ್ರತಿ ನಾಲ್ಕು ಸಾಲಿಗೊಮ್ಮೆ ನಾಯಕ ಅಡ್ಡ ಮಾತಾಡಲಿ, ಎದುರಾಳಿ ಉತ್ತರಿಸಲಿ. ಅವನಿಗೆ ಉತ್ತರ ಹೊಳೆಯದೆ ಬೈಗುಳಕ್ಕೆ ಇಳಿದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅಲ್ಲಿಗೆ ಅವನ ಬಗ್ಗೆ ನಿಮ್ಮ ತಿಳಿವಳಿಕೆ ಮುಗಿದಿದೆ. ಮತ್ತೆ ಅವನ ಮನೆಗೆ ಹೋಗಿ, ಸಾಲ ಎಷ್ಟು, ಯಾರಿಗೆ ಹೆದರುತ್ತಾನೆ, ರಾತ್ರಿ ಯಾವ ಸದ್ದಿಗೆ ಎಚ್ಚರವಾಗುತ್ತಾನೆ ಎಂದು ನೋಡಿಕೊಂಡು ಬನ್ನಿ. ಆ ಹಾಳೆಯನ್ನು ಕಥೆಗೆ ಸೇರಿಸಬೇಡಿ, ಮೇಜಿನ ಖಾನೆಯಲ್ಲಿರಲಿ.

ನಮಸ್ಕಾರ.