ಕುಂಡದಲ್ಲೂ ಚೌಳು

ಈ ಪೀಸ್ ಲಿಲಿಯನ್ನು ನೋಡಿ. ಮೈಸೂರಿನಲ್ಲಿ ಆಷಾಢದ ಸೋನೆ ಹಿಡಿದಿದೆ, ಕಿಟಕಿಯಾಚೆ ಕಂಡದ್ದೆಲ್ಲ ಹಸಿರು. ಒಳಗೆ ಇದೊಂದು ಮಾತ್ರ ಸಂಜೆಯ ಸಂತೆಯಲ್ಲಿ ಉಳಿದುಹೋದ ದಂಟಿನ ಸೊಪ್ಪಿನ ಹಾಗೆ ಕುಂಡದ ಅಂಚಿಗೆ ಜೋತುಬಿದ್ದಿದೆ. ಮೊನ್ನೆ ಹೀಗೇ ಇತ್ತು, ನೀರು ಹಾಕಿದೆ. ನಿನ್ನೆಯೂ ಹೀಗೇ ಇತ್ತು, ಇನ್ನೊಂದು ಚೊಂಬು ಹಾಕಿದೆ.

ಕ್ಯಾಮೆರಾ ಹಿಂದೆ ಕೆಮ್ಮುತ್ತಿರುವವರು ನಮ್ಮ ಅಪ್ಪ. ಕಣ್ಣಿನ ಪರೀಕ್ಷೆಗೆಂದು ಮಂಡ್ಯದ ಪಕ್ಕದ ನಮ್ಮೂರಿನಿಂದ ಬಂದು ನಾಲ್ಕು ದಿನವಾಯಿತು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರಿನಲ್ಲಿ ನಲವತ್ತು ವರ್ಷ ಭತ್ತ, ಕಬ್ಬು ಬೆಳೆದವರು. ಮನೆಯೊಳಗೆ ಗಿಡ ಇಡುವುದು ಅವರ ಲೆಕ್ಕದಲ್ಲಿ ಪಟ್ಟಣದವರ ಖಯಾಲಿ. ಎಲೆಯ ಕಡೆಗೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ಇಳಿಸಿ, "ಇದರಲ್ಲಿ ಕೆಸರುಗದ್ದೆ ಇದೆ ಕಣಮ್ಮ" ಎಂದರು.

ಗಿಡ ಬಾಡಿದೆ, ಮಣ್ಣು ಒದ್ದೆಯಾಗಿದೆ. ಇವೆರಡೂ ಒಟ್ಟಿಗೆ ಕಂಡರೆ ಚೊಂಬನ್ನು ಕೆಳಗಿಡಿ. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಮೇಲಿಂದ ಕೊಳೆರೋಗ ಹತ್ತುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಗಿಡ ಕೆಸರಿನಲ್ಲಿ ನಿಂತೇ ಬಾಯಾರಿ ಬಾಡುತ್ತದೆ, ನಾವು ಅದರ ಮುಖ ನೋಡಿ ಮರುಗಿ ಇನ್ನಷ್ಟು ಸುರಿಯುತ್ತೇವೆ.

ಈಗ ಕುಂಡವನ್ನು ಮಗುಚಿದ್ದೇವೆ. ವಾಸನೆ ವಿಡಿಯೊದಲ್ಲಿ ಬಾರದಿರುವುದು ನಿಮ್ಮ ಪುಣ್ಯ. ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತಿರುವ ಬೇರುಗಳು ಬದುಕಿವೆ, ಎಣಿಸಿದರೆ ಏಳೋ ಎಂಟೋ. ಈ ಕಂದು ಬೇರನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುತ್ತದೆ. ಇಂಥದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಬೇರು ಕಡಿಮೆಯಾದ ಮೇಲೆ ಅಷ್ಟೂ ಎಲೆಗಳನ್ನು ಸಾಕಲು ಅದರಿಂದಾಗದು, ಹಾಗಾಗಿ ಮೂರು ಎಲೆ ಬಿಟ್ಟು ಉಳಿದವನ್ನೂ ಕತ್ತರಿಸಿದೆ. ನಡುವೆ ಕಾಣುತ್ತಿರುವ ಕೆಂಪು ಉಂಡೆ ಗಿಡ ಕೊಂಡಾಗಲೇ ಬಂದದ್ದು, ಅಪ್ಪಟ ಜೇಡಿ. ಒಣಗಿದರೆ ಇಟ್ಟಿಗೆ, ನೆನೆದರೆ ಮುದ್ದೆ. ತಂದ ಹೊಸತರಲ್ಲೇ ಅದನ್ನು ಬಿಡಿಸಬೇಕಿತ್ತು, ನಾನು ಹಾಗೆಯೇ ಕೂರಿಸಿದ್ದೆ. ಈ ಸಲ ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು, ದಪ್ಪ ಮರಳು ಅರ್ಧ ಪಾಲು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರಬೇಕು, ಅಷ್ಟೇ ಪರೀಕ್ಷೆ.

ಅಪ್ಪನಿಗೆ ಸಿಟ್ಟು ಬಂದದ್ದು ಕುಂಡದ ತಳ ನೋಡಿದಾಗ. ನೀಲಿ ಬಣ್ಣದ ಚೆಂದದ ಪಿಂಗಾಣಿ, ತಳದಲ್ಲಿ ಒಂದೇ ಒಂದು ತೂತಿಲ್ಲ. "ಬಸಿಗಾಲುವೆ ಎಲ್ಲಿ?" ಎಂದು ಕೇಳಿದರು. ತಳದಲ್ಲಿ ಎರಡಂಗುಲ ಬೆಣಚುಕಲ್ಲು ಹಾಕಿದ್ದೇನೆ ಎಂದೆ. ನನ್ನ ಹಾಗೆ ಬಹಳ ಜನ ಹಾಕುತ್ತಾರೆ, ಅದರಿಂದ ಉಪಯೋಗವಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕಲ್ಲಿನ ಸಂದಿಗೆ ಇಳಿಯುವುದೇ ಇಲ್ಲ. ಅಂದರೆ ಕೆಸರಿನ ಪದರವನ್ನು ಎರಡಂಗುಲ ಮೇಲಕ್ಕೆತ್ತಿ ಬೇರಿನ ಬುಡಕ್ಕೇ ತಂದಿಟ್ಟಂತಾಯಿತು.

ಮುಂದಿನದು ಸ್ಪೈಡರ್ ಪ್ಲಾಂಟ್. ತುದಿಯೆಲ್ಲ ಸುಟ್ಟ ಹಾಗೆ ಕಂದಾಗಿದೆ. ನೀರು ಸಾಲದೇನೋ ಎಂದುಕೊಂಡಿದ್ದೆ. ಅಪ್ಪ ಮಣ್ಣಿನ ಮೇಲಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ನಕ್ಕೇಬಿಟ್ಟರು. "ಕುಂಡದಲ್ಲೂ ಚೌಳು ಏಳಿಸಿದ್ದೀಯಲ್ಲ!"

ನಾಲೆ ಬಯಲಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಗ್ಗಿನ ಗದ್ದೆಯಲ್ಲಿ ನೀರು ನಿಂತು, ಬಸಿದುಹೋಗಲು ದಾರಿಯಿಲ್ಲದಿದ್ದರೆ ಅದು ಆವಿಯಾಗುತ್ತದೆ, ತನ್ನೊಳಗಿನ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಅದೇ ಚೌಳು. ನಮ್ಮ ಮನೆಯಲ್ಲಿ ಕಾವೇರಿ ನೀರು ಬಾರದ ದಿನ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೇ ಬಿಳಿ ಕಟ್ಟುವ ಗಡಸು ನೀರು ಅದು. ಮೇಲೆ ನನ್ನ ಕೈಯ ರಾಸಾಯನಿಕ ಗೊಬ್ಬರ. ದಿನಕ್ಕೊಂದಿಷ್ಟು ಚಿಮುಕಿಸುತ್ತಿದ್ದೆನೇ ಹೊರತು ತಳದಿಂದ ಹರಿದುಹೋಗುವಷ್ಟು ಎಂದೂ ಹಾಕಿರಲಿಲ್ಲ. ಲವಣ ಹೋಗುವುದಾದರೂ ಎಲ್ಲಿಗೆ? ಎಲೆಯ ತುದಿಗೆ ಹೋಗಿ ಕೂತಿದೆ.

ಉಪಾಯ ಸುಲಭ. ಮೇಲಿನ ಅರ್ಧ ಅಂಗುಲ ಮಣ್ಣು ಕೆರೆದು ತೆಗೆಯಿರಿ. ಕುಂಡವನ್ನು ಬಚ್ಚಲಿಗೆ ಒಯ್ದು, ಅದರ ಗಾತ್ರದ ಮೂರ್ನಾಲ್ಕು ಪಟ್ಟು ನೀರನ್ನು ನಿಧಾನವಾಗಿ ಸುರಿದು, ಪೂರ್ತಿ ಬಸಿಯಲು ಬಿಡಿ. ಸಜ್ಜೆಯ ಕೆಳಗೆ ಹಿಡಿದ ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ನೋಡಲಾಗದಿದ್ದರೆ ಕತ್ತರಿಸಿ. ಚೌಳು ನೆಲಕ್ಕೆ ಹಾಕುವಂತೆ ಇದಕ್ಕೂ ಜಿಪ್ಸಂ ಹಾಕೋಣವೇ ಎಂದು ಅಪ್ಪ ಕೇಳಿದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಕ್ರೋಟನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುಮನೆಯ ಮೂಲೆಯಲ್ಲಿ ಕೆಂಪು, ಹಳದಿಯೆಲ್ಲ ಬಿಟ್ಟು ಬರೀ ಹಸಿರಾಗಿದೆ, ಬೆಳಕು ಸಾಲದು. ನಡುಹಗಲಿನಲ್ಲಿ ಎಲೆಯಿಂದ ಒಂದಡಿ ಮೇಲೆ ಅಂಗೈ ಹಿಡಿದು ನೋಡಿ. ನೆರಳೇ ಕಾಣದಿದ್ದರೆ ಅದು ಗಿಡ ಇಡುವ ಜಾಗವಲ್ಲ. ಅಲ್ಲಿ ಕ್ಯಾಲೆಂಡರ್ ತೂಗುಹಾಕಿ.

ರಬ್ಬರ್ ಗಿಡದಲ್ಲಿ ಹಿಟ್ಟು ತಿಗಣೆ, ಅಂದರೆ ರಸ ಹೀರುವ, ಬಿಳಿ ಹಿಟ್ಟು ಮೆತ್ತಿದಂಥ ಮೀಲಿಬಗ್. ಕಿಟಕಿಯ ಮೇಲೆ ಇರುವೆಗಳ ಸಾಲು ನೋಡಿ ಇರುವೆ ಪುಡಿ ತಂದಿದ್ದೆ. ಮೂಲ ಇರುವೆಯಲ್ಲ, ತಿಗಣೆ ಸುರಿಸುವ ಸಿಹಿ ಅಂಟಿಗೆ ಅವು ಬರುತ್ತವೆ, ಅದಕ್ಕಾಗಿ ತಿಗಣೆಯನ್ನು ಕಾಯುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತೊಟ್ಟಿನ ಸಂದಿಗಳನ್ನು ಒರೆಸಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೆ. ಸಂಜೆ ಎಂದದ್ದು ಸುಮ್ಮನೆ ಅಲ್ಲ. ಕಳೆದ ಬೇಸಿಗೆಯಲ್ಲಿ ಬೆಳಗ್ಗೆ ಸಿಂಪಡಿಸಿ ಬಿಸಿಲಿಗಿಟ್ಟು, ದಾಸವಾಳದ ಎಲೆಗಳನ್ನು ಹಪ್ಪಳ ಮಾಡಿದವಳು ನಾನು.

ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣಗಳಿಗೆ ಔಷಧಿ ಬೇಡ. ಮರಿಹುಳುಗಳಿಗೆ ಹಸಿ ಮಣ್ಣು ಬೇಕು, ಮೇಲ್ಮಣ್ಣು ಒಣಗಲು ಬಿಟ್ಟರೆ ಕೆಲವು ವಾರಗಳಲ್ಲಿ ತಾವೇ ಕಡಿಮೆಯಾಗುತ್ತವೆ.

ಮಧ್ಯಾಹ್ನ ಪಕ್ಕದ ಮನೆಯಿಂದ ಡ್ರಿಲ್ ತಂದು ಪಿಂಗಾಣಿ ಕುಂಡಗಳಿಗೆ ಬಸಿಗಾಲುವೆ ತೋಡಲು ಕೂತೆವು. ನೀರು ಹನಿಸುತ್ತ, ಒತ್ತದೆ, ನಿಧಾನವಾಗಿ ಕೊರೆಯಬೇಕು. ಎರಡು ಸರಿಯಾಗಿ ಬಂದವು. ಮೂರನೆಯದು, ನೀಲಿಯದು, ಅಂಚಿನಿಂದ ಅಂಚಿಗೆ ಸೀಳಿತು. ಡ್ರಿಲ್ ಹಿಡಿದಿದ್ದವರು ಯಾರೆಂದು ಹೇಳುವುದಿಲ್ಲ. ಅಪ್ಪ ಚೂರುಗಳನ್ನು ಆಯ್ದು, ಬಾಗಿದ ಎರಡನ್ನು ಬಾಕಿ ಕುಂಡಗಳ ತೂತಿನ ಮೇಲೆ ಮಣ್ಣು ಜಾರದಂತೆ ಬೋರಲು ಹಾಕಿದರು. ಪೀಸ್ ಲಿಲಿ ಸದ್ಯಕ್ಕೆ ಹಳೆಯ ಪೇಂಟ್ ಡಬ್ಬದಲ್ಲಿದೆ, ತಳಕ್ಕೆ ಮೊಳೆ ಹೊಡೆದು ಆರು ತೂತು ಮಾಡಿದ್ದೇವೆ.