ಸ್ಪಾಕ್‌ನ ಮಗ: ಸ್ಟಾರ್ ಟ್ರೆಕ್ ಮತ್ತೆ ನೋಡುತ್ತಾ, ಮತ್ತೆ ಓದುತ್ತಾ

ಕೇಳುಗರಿಗೆ ನಮಸ್ಕಾರ.

ಟಿವಿ ಧಾರಾವಾಹಿಯ ಹೆಸರು ಹೊತ್ತು, ಮುಖಪುಟದ ಮೇಲೆ ನಟರ ಚಿತ್ರ ಹಾಕಿಸಿಕೊಂಡು ಬರುವ ಕಾದಂಬರಿಗಳಿಗೆ ಓದುಗರ ನಡುವೆ ಅಂಥ ಮರ್ಯಾದೆಯೇನೂ ಇಲ್ಲ. ಧಾರಾವಾಹಿ ಓಡುವಷ್ಟು ದಿನ ಮಾರಾಟವಾಗುವ ಸರಕು ಎಂದೇ ಲೆಕ್ಕ. ವಿಮರ್ಶಕರು ಅವನ್ನು ಮುಟ್ಟುವುದು ಅಪರೂಪ. ಇವತ್ತು ನಾನು ಆ ಪುಸ್ತಕಗಳ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಎಲ್ಲ ಪುಸ್ತಕಗಳ ಪರವಾಗಿ ಅಲ್ಲ, ಸ್ಟಾರ್ ಟ್ರೆಕ್ ಎಂಬ ಒಂದು ವೈಜ್ಞಾನಿಕ ಧಾರಾವಾಹಿಯ ಬೆನ್ನಿಗೆ ಹುಟ್ಟಿದ ಕೆಲವು ಕಾದಂಬರಿಗಳ ಪರವಾಗಿ.

ಸರಸ್ವತಿಪುರಂನ ಒಂದು ಮನೆಯಲ್ಲಿ ಭಾನುವಾರ ಸಂಜೆ ನಾವು ಕೆಲವರು ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಮಂಡ್ಯದಿಂದ ರೈಲಿನಲ್ಲಿ ಬರುವ ಮೆಡಿಕಲ್ ವಿದ್ಯಾರ್ಥಿನಿ, ಮನೆಯ ಯಜಮಾನರ ತಾಯಿ, ನಾನು. ಹಳೆಯ ಸ್ಟಾರ್ ಟ್ರೆಕ್‌ನ ಒಂದು ಕಂತು ನೋಡುವುದು, ಆ ಕಂತಿಗೆ ಸಂಬಂಧಪಟ್ಟ ಪುಸ್ತಕವಿದ್ದರೆ ಅದನ್ನು ಓದಿಕೊಂಡು ಮುಂದಿನ ವಾರ ಚರ್ಚೆ ಮಾಡುವುದು. ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ಮೇಷ್ಟ್ರು ಪುಸ್ತಕ ಕೈಯಲ್ಲಿ ಹಿಡಿದು ಮುಖ್ಯವಾದ ಪುಟಗಳನ್ನು ಅಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ನಮ್ಮ ಕೂಟದ ಅತ್ಯಂತ ಒಳ್ಳೆಯ ಪ್ರಶ್ನೆಗಳು ಅಜ್ಜಿಯಿಂದಲೇ ಬರುವುದು.

ಗೊತ್ತಿಲ್ಲದವರಿಗೆ ಎರಡು ಮಾತು. ಜೀನ್ ರಾಡನ್‌ಬೆರಿ ಸೃಷ್ಟಿಸಿದ ಸ್ಟಾರ್ ಟ್ರೆಕ್ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಮೂರು ಸೀಸನ್, 79 ಕಂತು, 1969ರಲ್ಲಿ ಮುಕ್ತಾಯ. ಎಂಟರ್‌ಪ್ರೈಸ್ ಎಂಬ ನೌಕೆ, ಅದರ ಕ್ಯಾಪ್ಟನ್ ಕರ್ಕ್, ಡಾಕ್ಟರ್ ಮೆಕಾಯ್, ಮತ್ತು ಅರ್ಧ ಮನುಷ್ಯ ಅರ್ಧ ವಲ್ಕನ್ ಆದ, ಚೂಪು ಕಿವಿಯ ಸ್ಪಾಕ್. ವಲ್ಕನ್ನರು ಭಾವನೆಗಳನ್ನು ಹತ್ತಿಕ್ಕಿ ತರ್ಕವೊಂದನ್ನೇ ನೆಚ್ಚಿ ಬದುಕುವವರು. ಎಂಬತ್ತರ ದಶಕದಲ್ಲಿ ದೂರದರ್ಶನ ಇದನ್ನು ಭಾನುವಾರ ಬೆಳಿಗ್ಗೆ ಹಾಕುತ್ತಿತ್ತು. ಮೈಸೂರಿನಲ್ಲಿ ನನ್ನ ವಯಸ್ಸಿನವರು ಸ್ಪಾಕ್‌ನನ್ನು ಮೊದಲು ಕಂಡದ್ದು ಹಾಗೆ.

ಆಗ ನೋಡುವುದೆಂದರೆ ಒಂದೇ ಸಲ. ಕರೆಂಟು ಹೋದರೆ ಆ ಕಥೆ ಹೋದಂತೆಯೇ. ಮನೆಗೆ ನೆಂಟರು ಬಂದರೂ ಅಷ್ಟೇ. ಅಮೆರಿಕದಲ್ಲೂ ಅರವತ್ತರ ದಶಕದ ಪ್ರೇಕ್ಷಕರ ಪಾಡು ಇದಕ್ಕಿಂತ ಬೇರೆಯಿರಲಿಲ್ಲ, ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಯಂತ್ರ ಹೆಚ್ಚುಕಡಿಮೆ ಯಾರ ಬಳಿಯೂ ಇರಲಿಲ್ಲ. ಕಳೆದುಹೋದ ಕಂತನ್ನು ಮತ್ತೆ ಹಿಡಿಯಲು ಇದ್ದ ದಾರಿ ಪುಸ್ತಕ. 1967ರ ಆರಂಭದಲ್ಲಿ ಬ್ಯಾಂಟಮ್ ಪ್ರಕಾಶನ ಏಳು ಕಂತುಗಳನ್ನು ಕಥೆಗಳಾಗಿ ಬರೆಸಿ ಒಂದು ಪುಟ್ಟ ಪುಸ್ತಕ ತಂದಿತು. ಬರೆದವರು ಜೇಮ್ಸ್ ಬ್ಲಿಷ್. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ, ಜೀವಶಾಸ್ತ್ರ ಓದಿದ್ದ, ಗಂಭೀರ ಲೇಖಕ. ಅಂಥವರು ಟಿವಿ ಕಥೆಗಳನ್ನು ಗದ್ಯಕ್ಕಿಳಿಸುವ ಕೆಲಸ ಒಪ್ಪಿಕೊಂಡರು, ಅದನ್ನು ಶ್ರದ್ಧೆಯಿಂದ ಮಾಡಿದರು. ಒಂದರ ಹಿಂದೆ ಒಂದರಂತೆ ಸಂಪುಟಗಳು ಬಂದವು. 1975ರಲ್ಲಿ ಅವರು ತೀರಿಕೊಂಡಾಗ ಹನ್ನೆರಡನೆಯದು ಮುಗಿದಿರಲಿಲ್ಲ, ಅವರ ಪತ್ನಿ ಜೆ. ಎ. ಲಾರೆನ್ಸ್ ಅದನ್ನು ಪೂರ್ತಿ ಮಾಡಿದರು.

ಬ್ಲಿಷ್ ಬರೆದದ್ದು ಪರದೆ ನೋಡಿಕೊಂಡಲ್ಲ, ಚಿತ್ರಕಥೆಯ ಹಸ್ತಪ್ರತಿ ಇಟ್ಟುಕೊಂಡು. ಆ ಪ್ರತಿಗಳು ಚಿತ್ರೀಕರಣಕ್ಕೆ ಮುಂಚಿನವು, ಹಾಗಾಗಿ ಪುಸ್ತಕದ ಕಥೆ ಪರದೆಯ ಕಥೆಗಿಂತ ಅಲ್ಲಲ್ಲಿ ಬೇರೆಯಾಗಿಬಿಡುತ್ತದೆ. ಮಾತು ಬೇರೆ, ಕೆಲವು ಕಡೆ ಕೊನೆಯೇ ಬೇರೆ. ಹಾರ್ಲನ್ ಎಲಿಸನ್ ಬರೆದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಹೆಸರಾಂತ ಕಂತನ್ನಂತೂ ಅವರು ಲೇಖಕರ ಮೂಲ ಪ್ರತಿ ಮತ್ತು ಪ್ರಸಾರವಾದ ರೂಪ ಎರಡನ್ನೂ ಬೆರೆಸಿ ಬರೆದಿದ್ದಾರೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಒಂದು ದೃಶ್ಯವನ್ನು ಯಾಕೆ ಕೈಬಿಟ್ಟರು, ದುಡ್ಡು ಸಾಲದೆಯೋ ಹೊತ್ತು ಸಾಲದೆಯೋ ಎಂದು ಊಹಿಸುವ ಸುಖವೇ ಬೇರೆ.

ಈಗ ನಾನು ನಿಜವಾಗಿ ಹೇಳಬೇಕಾದ ಕಂತಿಗೆ ಬರುತ್ತೇನೆ. ‘ಆಲ್ ಅವರ್ ಯೆಸ್ಟರ್‌ಡೇಸ್’. 1969ರ ಮಾರ್ಚ್ 14ರಂದು ಪ್ರಸಾರವಾದದ್ದು, ಕೊನೆಯದಕ್ಕಿಂತ ಒಂದು ಹಿಂದಿನದು. ಮೂರನೆಯ ಸೀಸನ್ ಎಂದರೆ ಅಭಿಮಾನಿಗಳೇ ಮುಖ ಸಪ್ಪಗೆ ಮಾಡುತ್ತಾರೆ. ಬಜೆಟ್ ಕಡಿತವಾಗಿತ್ತು, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ದೂಡಿದ್ದರು, ರಾಡನ್‌ಬೆರಿ ಹಿಂದೆ ಸರಿದಿದ್ದರು. ಆದರೂ ಈ ಕಂತು ಬೇರೆಯದೇ ತೂಕದ್ದು. ಬರೆದವರು ಜೀನ್ ಲಿಸೆಟ್ ಆರೋಸ್ಟ್, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿ. ಕಥೆ ನಡೆಯುವುದೂ ಒಂದು ಗ್ರಂಥಾಲಯದಲ್ಲೇ.

ಸಾರ್ಪೈಡಾನ್ ಎಂಬ ಗ್ರಹ. ಅದರ ಸೂರ್ಯ ಇನ್ನು ಕೆಲವೇ ಗಂಟೆಗಳಲ್ಲಿ ಸ್ಫೋಟವಾಗಲಿದೆ. ಜನರನ್ನು ಪಾರುಮಾಡೋಣ ಎಂದು ಕರ್ಕ್, ಸ್ಪಾಕ್, ಮೆಕಾಯ್ ಇಳಿದರೆ ಊರಿಗೆ ಊರೇ ಖಾಲಿ. ಉಳಿದಿರುವುದು ಒಬ್ಬ ಮುದಿ ಗ್ರಂಥಪಾಲಕ. ಆ ಜನ ಆಕಾಶನೌಕೆ ಕಟ್ಟಿದವರಲ್ಲ, ಅವರು ಕಟ್ಟಿದ್ದು ಕಾಲದ ಬಾಗಿಲು. ಹಳೆಯ ಕಾಲದ ದೃಶ್ಯಗಳನ್ನು ತುಂಬಿಟ್ಟ ಗ್ರಂಥಾಲಯದ ತಟ್ಟೆಗಳಲ್ಲಿ ತಮಗೆ ಇಷ್ಟವಾದ ಹಳೆಯ ಕಾಲವನ್ನು ಆರಿಸಿಕೊಂಡು ಎಲ್ಲರೂ ಅಲ್ಲಿಗೆ ಹೊರಟುಹೋಗಿದ್ದಾರೆ. ಸಾಯುವ ಗ್ರಹದ ಜನ ತಮ್ಮದೇ ಚರಿತ್ರೆಯೊಳಗೆ ವಲಸೆ ಹೋಗುವುದು! ಇಂಥ ಕಲ್ಪನೆ ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೇ ಬರಬೇಕು ಅನಿಸುತ್ತದೆ ನನಗೆ.

ಸ್ಪಾಕ್ ಮತ್ತು ಮೆಕಾಯ್ ಅಕಸ್ಮಾತ್ತಾಗಿ ಐದು ಸಾವಿರ ವರ್ಷ ಹಿಂದಿನ ಹಿಮಯುಗಕ್ಕೆ ಬಿದ್ದುಬಿಡುತ್ತಾರೆ. ಅಲ್ಲೊಂದು ಗುಹೆ, ಗುಹೆಯಲ್ಲಿ ಗಡೀಪಾರಾಗಿ ಒಬ್ಬಳೇ ಬದುಕುತ್ತಿರುವ ಜರಬೆತ್. ಆ ಕಾಲದಲ್ಲಿ ಸ್ಪಾಕ್‌ನ ಪೂರ್ವಜರು ಇನ್ನೂ ಉಗ್ರರು, ಕಾಡು ಮನಸ್ಸಿನವರು. ಸ್ಪಾಕ್ ಕೂಡ ಮೆಲ್ಲಮೆಲ್ಲಗೆ ಹಾಗಾಗತೊಡಗುತ್ತಾನೆ. ಪ್ರೀತಿಸುತ್ತಾನೆ, ಸಿಟ್ಟಾಗುತ್ತಾನೆ, ಮೆಕಾಯ್‌ನ ಕುತ್ತಿಗೆಗೇ ಕೈ ಹಾಕುತ್ತಾನೆ. ಬೇರೆ ಗ್ರಹದ ಗುಹೆಯಲ್ಲಿ ಕೂತವನ ದೇಹ ತನ್ನ ಪೂರ್ವಜರ ಹಾಗೆ ಬದಲಾಗುವುದು ಯಾವ ಲೆಕ್ಕದಲ್ಲಿ ಎಂದು ನಮ್ಮ ವಿದ್ಯಾರ್ಥಿನಿ ಕೇಳಿದಳು. ಕೇಳಬೇಕಾದ್ದೇ. ಕಾಲಯಂತ್ರ ಹಾದುಹೋಗುವವರ ದೇಹವನ್ನು ಸಿದ್ಧಗೊಳಿಸಬೇಕು ಎಂದು ಕಥೆ ಏನೋ ಒಂದು ವಿವರಣೆ ಕೊಡುತ್ತದೆ, ಅದು ಪೂರ್ತಿ ನಿಲ್ಲುವುದಿಲ್ಲ. ಲೆನಾರ್ಡ್ ನಿಮಾಯ್ ಅವರ ಅಭಿನಯ ಮಾತ್ರ ಪೂರ್ತಿ ನಿಲ್ಲುತ್ತದೆ.

ಅದರಲ್ಲೊಂದು ದೃಶ್ಯವಿದೆ. ಗುಹೆಯಲ್ಲಿ ತಿನ್ನಲು ಇರುವುದು ಮಾಂಸ ಮಾತ್ರ, ಅದನ್ನು ಸ್ಪಾಕ್ ತಿಂದಿದ್ದಾನೆ. ವಲ್ಕನ್ನರು ಮಾಂಸ ಮುಟ್ಟುವವರಲ್ಲ. ತಿಂದದ್ದಷ್ಟೇ ಅಲ್ಲ, ಅದು ತನಗೆ ರುಚಿಸಿತು ಎಂದು ತಾನೇ ಬಾಯಿಬಿಟ್ಟು ಹೇಳುತ್ತಾನೆ, ಹೇಳುವಾಗ ಮುಖದಲ್ಲಿ ದಿಗಿಲು. ಮೈಸೂರಿನ ನಮ್ಮ ಕೋಣೆಯಲ್ಲಿ ಆ ಮಾತಿಗೆ ಯಾರಿಗೂ ಟಿಪ್ಪಣಿ ಬೇಕಾಗಲಿಲ್ಲ. ಆಚಾರ ಕೆಟ್ಟಿತು ಎಂಬ ಭಯ, ಕೆಟ್ಟದ್ದು ಇಷ್ಟವಾಯಿತಲ್ಲ ಎಂಬ ಇನ್ನೂ ದೊಡ್ಡ ಭಯ, ಎರಡೂ ಅಜ್ಜಿಗೆ ಕ್ಷಣದಲ್ಲಿ ತಿಳಿದವು. “ಪಾಪ, ಅವನು ಯಾರ ಹತ್ತಿರ ಹೇಳಿಕೊಂಡಾನು” ಎಂದರು.

ಕೊನೆಗೆ ಬಾಗಿಲು ಸಿಗುತ್ತದೆ, ಸ್ಪಾಕ್ ಮತ್ತು ಮೆಕಾಯ್ ಜೊತೆಯಾಗಿಯೇ ದಾಟಬೇಕು. ಸ್ಪಾಕ್ ಜರಬೆತ್‌ಳನ್ನು ಬಿಟ್ಟು ಬರುತ್ತಾನೆ. ತನ್ನ ಕಾಲಕ್ಕೆ ಮರಳಿದ ಮರುಕ್ಷಣ ಮತ್ತೆ ಅದೇ ತಣ್ಣನೆಯ ಸ್ಪಾಕ್. ಅವಳು ಸತ್ತು ಸಾವಿರಾರು ವರ್ಷಗಳಾದವು ಎನ್ನುತ್ತಾನೆ. ಸೂರ್ಯ ಸಿಡಿಯುತ್ತದೆ. ಐವತ್ತು ನಿಮಿಷ ಮುಗಿಯಿತು.

ಟಿವಿಯ ಮಟ್ಟಿಗೆ ಅಲ್ಲಿಗೆ ಎಲ್ಲ ಮುಗಿದದ್ದೇ. ಮುಂದಿನ ಕಂತಿನಲ್ಲಿ ಜರಬೆತ್ ಹೆಸರೂ ಬರುವುದಿಲ್ಲ. ಆ ಕಾಲದ ಧಾರಾವಾಹಿಗಳ ಕ್ರಮವೇ ಹಾಗಿತ್ತು, ಪ್ರತಿ ಕಂತಿಗೂ ಹೊಸ ಗ್ರಹ, ಹಳೆಯದರ ನೆನಪಿಲ್ಲ. ಬ್ಲಿಷ್ ಕೂಡ ತಮ್ಮ ನಾಲ್ಕನೆಯ ಸಂಪುಟದಲ್ಲಿ ಈ ಕಥೆಯನ್ನು ಬರೆದು ಅಲ್ಲಿಗೇ ನಿಲ್ಲಿಸಿದ್ದಾರೆ. ಆದರೆ ನೋಡಿದವರ ಮನಸ್ಸು ನಿಲ್ಲುತ್ತದೆಯೇ? ಆ ಹೆಂಗಸು ಹಿಮದಲ್ಲಿ ಒಬ್ಬಳೇ ಏನಾದಳು?

ಈ ಪ್ರಶ್ನೆ ಎ. ಸಿ. ಕ್ರಿಸ್ಪಿನ್ ಎಂಬ ಅಭಿಮಾನಿಯನ್ನು ಬಿಡಲಿಲ್ಲ. ಅವರ ಮೊದಲ ಕಾದಂಬರಿ ‘ಯೆಸ್ಟರ್‌ಡೇಸ್ ಸನ್’ 1983ರಲ್ಲಿ ಪಾಕೆಟ್ ಬುಕ್ಸ್‌ನಿಂದ ಬಂತು. ಸಾರ್ಪೈಡಾನ್ ಗ್ರಹದ ಪುರಾತತ್ವ ದಾಖಲೆಗಳಲ್ಲಿ ಒಂದು ಗುಹಾಚಿತ್ರವಿದೆ. ಆ ಚಿತ್ರದಲ್ಲೊಂದು ಮುಖ, ವಲ್ಕನ್ ಮುಖ. ಆ ಗ್ರಹದಲ್ಲಿ ವಲ್ಕನ್ನರು ಎಂದೂ ಇರಲಿಲ್ಲ. ಅದನ್ನು ಕಂಡ ಸ್ಪಾಕ್‌ಗೆ ಗೊತ್ತಾಗುತ್ತದೆ, ಜರಬೆತ್‌ಗೆ ತನ್ನಿಂದ ಒಂದು ಮಗು ಹುಟ್ಟಿತ್ತು ಎಂದು.

ಇಷ್ಟೇ ಸಾಕು, ಇಡೀ ಹಳೆಯ ಕಂತು ಬೇರೆಯೇ ಆಗಿಬಿಡುತ್ತದೆ. ಹಿಂದೊಂದು ಕಂತಿನಲ್ಲಿ ಕಂಡ, ಹಳೆಯ ಕಾಲಕ್ಕೆ ದಾಟಿಸುವ ಕಾವಲುಗಲ್ಲಿನ ಮೂಲಕ ಮೂವರೂ ಮಗುವನ್ನು ತರಲು ಹೋಗುತ್ತಾರೆ. ಸೇರುವುದು ತಡವಾದ ಕಾಲಕ್ಕೆ. ತಾಯಿ ಸತ್ತು ವರ್ಷಗಳಾಗಿವೆ, ಮಗು ಬೆಳೆದು ಗಂಡಸಾಗಿದ್ದಾನೆ. ಅವನ ಹೆಸರು ಝಾರ್. ಚರ್ಮ ಹೊದ್ದ, ಬೇಟೆ ಬಲ್ಲ, ಅಪ್ಪನ ಕಥೆ ಕೇಳುತ್ತಲೇ ಬೆಳೆದ ಮಗ. ಅವನು ಕಲ್ಪಿಸಿಕೊಂಡಿದ್ದ ಅಪ್ಪನಿಗೂ ಎದುರು ನಿಂತ ಅಪ್ಪನಿಗೂ ತಾಳೆಯಿಲ್ಲ. ಸ್ಪಾಕ್ ಪಾಠ ಹೇಳಿಕೊಡುತ್ತಾನೆ, ತಪ್ಪು ತಿದ್ದುತ್ತಾನೆ, ಬೆನ್ನು ತಟ್ಟಲು ಮಾತ್ರ ಅವನಿಗೆ ಬರುವುದಿಲ್ಲ. ಮೆಕಾಯ್ ಹತ್ತಿರವಾಗುತ್ತಾನೆ, ಅಪ್ಪ ದೂರವೇ ಉಳಿಯುತ್ತಾನೆ. ತನ್ನನ್ನು ಕರೆತಂದದ್ದು ಕರ್ತವ್ಯವೆಂದೇ ಹೊರತು ಮಮತೆಯಿಂದಲ್ಲ ಎಂದು ಮಗನಿಗೆ ಅನಿಸತೊಡಗುವ ಪುಟಗಳಿವೆಯಲ್ಲ, ಮೇಷ್ಟ್ರು ಅವನ್ನು ಹೇಳುವಾಗ ಬ್ಯಾಂಕಿನ ನಮ್ಮ ಹಿರಿಯರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಮಾತಾಡದ ಅಪ್ಪಂದಿರನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿಲ್ಲ ಹೇಳಿ.

ಈ ಪುಸ್ತಕ ಓದಿದ ಮೇಲೆ ನಾವು ಆ ಕಂತನ್ನು ಮತ್ತೆ ಹಾಕಿಕೊಂಡೆವು. ಜರಬೆತ್ ಪಾತ್ರದ ಮೆರಿಯೆಟ್ ಹಾರ್ಟ್ಲಿ ಹಿಮದಲ್ಲಿ ನಿಂತು ನೋಡುವ ನೋಟ ಅದೇ, ಒಂದು ಚೌಕಟ್ಟೂ ಬದಲಾಗಿಲ್ಲ. ಆದರೆ ಈಗ ಅವಳು ಒಬ್ಬಳೇ ಅಲ್ಲ ಎಂದು ನಮಗೆ ಗೊತ್ತು. ಹೋಗುತ್ತಿರುವವನಿಗೆ ಗೊತ್ತಿಲ್ಲ. 1969ರಲ್ಲಿ ಪ್ರಸಾರವಾದ ದೃಶ್ಯಕ್ಕೆ 1983ರ ಕಾದಂಬರಿ ಇಂಥ ಭಾರ ಕೊಡಬಲ್ಲದು ಎಂಬುದೇ ಈ ಪುಸ್ತಕಗಳ ಪರವಾಗಿ ನನ್ನ ವಾದ.

ಪುಸ್ತಕದಿಂದ ಪರದೆಗೆ ಹರಿದದ್ದೂ ಉಂಟು. ನೌಕೆಯ ಚುಕ್ಕಾಣಿ ಹಿಡಿಯುವ ಸುಲು ಪಾತ್ರಕ್ಕೆ ಟಿವಿಯಲ್ಲಿ ಮೊದಲ ಹೆಸರೇ ಇರಲಿಲ್ಲ. ತಳಿವಿಜ್ಞಾನ ಓದಿದ್ದ ವೊಂಡಾ ಮೆಕಿಂಟೈರ್ 1981ರ ‘ದಿ ಎಂಟ್ರಪಿ ಎಫೆಕ್ಟ್’ ಕಾದಂಬರಿಯಲ್ಲಿ ಅವನನ್ನು ಹಿಕಾರು ಸುಲು ಎಂದು ಕರೆದರು. ಹತ್ತು ವರ್ಷದ ಮೇಲೆ, 1991ರ ಆರನೆಯ ಚಲನಚಿತ್ರದಲ್ಲಿ, ಅದೇ ಹೆಸರು ಪರದೆಯ ಮೇಲೆ ಕೇಳಿಸಿತು. ಜಾನ್ ಎಂ. ಫೋರ್ಡ್ ಅವರ ‘ದಿ ಫೈನಲ್ ರಿಫ್ಲೆಕ್ಷನ್’ 1984ರದು, ಅದೂ ಓದಲೇಬೇಕಾದ್ದು. ಟಿವಿಯಲ್ಲಿ ಬರೀ ಶತ್ರುಗಳಾಗಿದ್ದ ಕ್ಲಿಂಗನ್ನರೊಳಗಿನ ಒಬ್ಬನ ಕಣ್ಣಿನಿಂದಲೇ ಇಡೀ ಲೋಕ ನೋಡುವ ಕಥೆ.

ಮತ್ತೆ ನೋಡುವಾಗ ಮುಜುಗರವಾಗುವ ಜಾಗಗಳೂ ಇವೆ, ಅದನ್ನು ಮುಚ್ಚಿಡಬಾರದು. 1967ರ ‘ಸ್ಪೇಸ್ ಸೀಡ್’ ಕಂತಿನ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದವನು, ಬಹುಶಃ ಸಿಖ್ಖ ಎಂದು ಕಥೆಯೇ ಹೇಳುತ್ತದೆ. ಪಾತ್ರ ಮಾಡಿದವರು ಮೆಕ್ಸಿಕೋ ಮೂಲದ ರಿಕಾರ್ಡೊ ಮೊಂಟಲ್ಬಾನ್, ಎದುರಿಗೆ ಬಂದು ನಿಂತಾಗ ಪೇಟವಿಲ್ಲ, ಗಡ್ಡವಿಲ್ಲ. ಅಭಿನಯ ಅಮೋಘ, ಆದರೆ ಇಂಡಿಯಾದ ಬಗ್ಗೆ ಯಾರೂ ಒಂದು ಮಾತು ಕೇಳಿ ತಿಳಿದುಕೊಂಡಿರಲಿಲ್ಲ ಎಂಬುದು ಎದ್ದು ಕಾಣುತ್ತದೆ. ಹೆಣ್ಣು ಪಾತ್ರಗಳ ಉಡುಪು, ಅವರಿಗೆ ಕೊಟ್ಟ ಮಾತು, ಇವೂ ಹಲವು ಕಡೆ ನೋಯಿಸುತ್ತವೆ. ಕಾದಂಬರಿಗಳಲ್ಲಿ ಈ ಕೊರತೆ ಎಷ್ಟೋ ತುಂಬಿದೆ. ಬರೆದವರಲ್ಲಿ ಅನೇಕರು ಹೆಂಗಸರು, ಧಾರಾವಾಹಿಯನ್ನು ಪ್ರೀತಿಸಿ ಬೆಳೆದವರು, ಎಲ್ಲಿ ಕೊರತೆಯಿದೆ ಎಂದು ಬಲ್ಲವರು.

ಕಾದಂಬರಿಯಲ್ಲಿ ನಡೆದದ್ದು ಅಧಿಕೃತವಲ್ಲ, ಪರದೆಯ ಮೇಲೆ ಬಂದದ್ದಷ್ಟೇ ನಿಜ ಎನ್ನುವ ನಿಯಮವೊಂದಿದೆ. ಹಕ್ಕುದಾರರ ಲೆಕ್ಕದಲ್ಲಿ ಸ್ಪಾಕ್‌ಗೆ ಮಗನೇ ಇಲ್ಲ. ವ್ಯಾಪಾರಕ್ಕೆ ಆ ನಿಯಮ ಬೇಕಾದೀತು. ನಮ್ಮಲ್ಲಿ ಗಮಕಿಗಳು ಕುಮಾರವ್ಯಾಸನ ಪದ್ಯ ಹಾಡಿದ ಮೇಲೆ ವ್ಯಾಖ್ಯಾನಕಾರರು ಕರ್ಣನ ಮನಸ್ಸಿನೊಳಗೆ ಇಳಿದು ಕಾಲು ಗಂಟೆ ಮಾತಾಡುತ್ತಾರೆ. ಪದ್ಯದಲ್ಲಿ ಇಲ್ಲದ್ದು ಎಷ್ಟೋ ಅದರಲ್ಲಿರುತ್ತದೆ. ಕೇಳುವವರು ಎರಡನ್ನೂ ಕೂಡಿಸಿಯೇ ಕರ್ಣನನ್ನು ಮನೆಗೆ ಕರೆದೊಯ್ಯುತ್ತಾರೆ. ಹಾಗೆ ಕೇಳಿ ಅಭ್ಯಾಸವಿರುವ ನಮಗೆ ಝಾರ್ ನಿಜವೋ ಸುಳ್ಳೋ ಎಂಬ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ.

ನಮ್ಮ ಕೂಟದಲ್ಲಿ ಈಗ ನಡೆದಿರುವ ಜಗಳ ಕಾದಂಬರಿಯ ಕೊನೆಯದು. ತನ್ನ ಗ್ರಹದ ನಾಗರಿಕತೆ ಹುಟ್ಟಬೇಕಾದರೆ ತಾನು ಅಲ್ಲಿರಬೇಕು ಎಂದು ಝಾರ್‌ಗೆ ತಿಳಿಯುತ್ತದೆ, ಅವನು ಹಿಂದಿನ ಕಾಲಕ್ಕೇ ಮರಳುತ್ತಾನೆ. ಸ್ಪಾಕ್ ಅವನನ್ನು ಕಳುಹಿಸಿಕೊಡುತ್ತಾನೆ. ಕಳುಹಿಸಬಾರದಿತ್ತು, ಒಮ್ಮೆ ಬಿಟ್ಟವನು ಎರಡನೆಯ ಸಲ ಬಿಡಬಾರದು ಎನ್ನುತ್ತಾಳೆ ಮಂಡ್ಯದ ಹುಡುಗಿ. ಮಗ ತಾನಾಗಿ ಆರಿಸಿಕೊಂಡದ್ದು, ಅಪ್ಪ ಅಡ್ಡ ಬರದೇ ಇದ್ದದ್ದೇ ಅವನು ಕೊಟ್ಟ ಮೊದಲ ಮರ್ಯಾದೆ ಎನ್ನುತ್ತೇನೆ ನಾನು. ಅಜ್ಜಿ ಇನ್ನೂ ತೀರ್ಪು ಹೇಳಿಲ್ಲ. ಕ್ರಿಸ್ಪಿನ್ 1988ರಲ್ಲಿ ‘ಟೈಮ್ ಫಾರ್ ಯೆಸ್ಟರ್‌ಡೇ’ ಎಂದು ಇದರ ಮುಂದಿನ ಭಾಗ ಬರೆದಿದ್ದಾರೆ, ಅಪ್ಪ ಮಗ ಮತ್ತೆ ಎದುರಾಗುತ್ತಾರೆ. ಅದನ್ನೂ ಕೇಳಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ ಅಜ್ಜಿ. ಮೇಷ್ಟ್ರು ಮುಂದಿನ ಭಾನುವಾರದಿಂದ ಶುರು ಮಾಡುತ್ತಾರೆ.

ನಮಸ್ಕಾರ.