ತಲೆಗೆ ಪೆಟ್ಟಾದ ಮೇಲೆ ಕೈಗೆ ಪಾಠ

ಕೇಳುಗರಿಗೆ ನಮಸ್ಕಾರ.

ತಲೆಗೆ ಬಲವಾದ ಪೆಟ್ಟು ಬಿದ್ದು, ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದವರು ಕಣ್ಣು ಬಿಟ್ಟರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಮುಂದೆ ಅವರು ನಾಲ್ಕು ಹೆಜ್ಜೆ ಇಟ್ಟರೆ ಇನ್ನೂ ಸಂತೋಷ. ಕೈ ಕಡೆ ಗಮನ ಹೋಗುವುದು ಮಾತ್ರ ತಡವಾಗಿ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ, ಲೋಟ ಹಿಡಿದರೆ ನೀರು ತುಳುಕುತ್ತದೆ, ಆಗ ಕೇಳುತ್ತಾರೆ: “ಈ ಕೈಗೆ ಏನು ಮಾಡೋಣ?” ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವವಳು. ಇಂಥ ಕೈಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ನಾವು ಈ ಪ್ರಶ್ನೆಯನ್ನು ಹೇಗೆ ನೋಡುತ್ತೇವೆ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಪಾರ್ಶ್ವವಾಯುವಿನಲ್ಲೂ ಕೈ ಬೀಳುತ್ತದೆ, ಇಲ್ಲೂ ಬೀಳುತ್ತದೆ. ಆದರೆ ಎರಡೂ ಒಂದೇ ಅಲ್ಲ. ಪಾರ್ಶ್ವವಾಯುವಿನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಕೆಡುತ್ತದೆ. ಪೆಟ್ಟಿನಲ್ಲಿ ಇಡೀ ಮಿದುಳೇ ಬುರುಡೆಯೊಳಗೆ ಅಲುಗಾಡುತ್ತದೆ. ಹಣೆಯ ಹಿಂದಿನ ಭಾಗ, ಕಿವಿಯ ಮೇಲಿನ ಭಾಗ ಒರಟು ಮೂಳೆಗೆ ಬಡಿದು ಜಜ್ಜಿಹೋಗುತ್ತವೆ, ನರತಂತುಗಳು ಅಲ್ಲಲ್ಲಿ ಎಳೆದು ಹರಿಯುತ್ತವೆ. ಹಾಗಾಗಿ ಒಬ್ಬರಿಗೇ ಒಂದು ಕೈ ಸೆಡೆತುಕೊಂಡಿರಬಹುದು, ಇನ್ನೊಂದು ಕೈ ನಡುಗುತ್ತಿರಬಹುದು. ಜೊತೆಗೆ ಗಮನ ನಿಲ್ಲುವುದಿಲ್ಲ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಯಾರಾದರೂ ಹೇಳದೆ ಯಾವ ಕೆಲಸವನ್ನೂ ತಾವಾಗಿ ಶುರುಮಾಡುವುದಿಲ್ಲ.

ಆದ್ದರಿಂದ ನಾವು ಮೊದಲು ಕೈಯನ್ನು ಮುಟ್ಟಿ, ನಿಧಾನವಾಗಿ ನೋಡುತ್ತೇವೆ. ಅಪಘಾತದಲ್ಲಿ ಕೈಗೂ ಪೆಟ್ಟಾಗಿರಬಹುದಲ್ಲ? ಪ್ರಜ್ಞೆಯಿಲ್ಲದವರು “ನೋಯುತ್ತಿದೆ” ಎಂದು ಹೇಳಲಾರರು. ಸಣ್ಣ ಮೂಳೆ ಮುರಿದದ್ದು, ಕುತ್ತಿಗೆಯಿಂದ ಕೈಗೆ ಬರುವ ನರಗಳ ಗೊಂಚಲು ಜಗ್ಗಿದ್ದು ಎಷ್ಟೋ ಸಲ ವಾರಗಳ ನಂತರ ಗೊತ್ತಾಗುತ್ತದೆ. ಇನ್ನೊಂದು ಅಪಾಯವಿದೆ. ಮೊಣಕೈಯಂಥ ದೊಡ್ಡ ಕೀಲಿನ ಸುತ್ತ, ಇರಬಾರದ ಕಡೆ ಮೂಳೆ ಬೆಳೆಯಲು ತೊಡಗುತ್ತದೆ. ಕೀಲು ಬಿಸಿಯಾಗಿ, ಊದಿಕೊಂಡು, ದಿನದಿಂದ ದಿನಕ್ಕೆ ಮಡಿಚುವುದು ಕಡಿಮೆಯಾದರೆ ಬಲವಂತವಾಗಿ ಎಳೆಯದೆ ವೈದ್ಯರಿಗೆ ತೋರಿಸಬೇಕು.

ಬಿಗಿತದಲ್ಲೂ ಎರಡು ಬಗೆ. ಬೇಗ ಬಿಡಿಸಲು ಹೋದರೆ ತಡೆದು ನಿಲ್ಲುವ, ನಿಧಾನವಾಗಿ ಬಿಡಿಸಿದರೆ ಸಡಿಲವಾಗುವ ಬಿಗಿತ ನರದ್ದು. ಎಷ್ಟು ನಿಧಾನ ಮಾಡಿದರೂ ಒಂದೇ ಜಾಗದಲ್ಲಿ ನಿಂತುಬಿಟ್ಟರೆ ಸ್ನಾಯುವೇ ಮೊಟಕಾಗಿದೆ ಎಂದರ್ಥ. ಮೊದಲನೆಯದಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಇದೆ, ಅದರ ಪರಿಣಾಮ ಸುಮಾರು ಮೂರು ತಿಂಗಳು. ಬ್ಯಾಕ್ಲೋಫೆನ್‌ನಂಥ ಮಾತ್ರೆಗಳೂ ಇವೆ, ಆದರೆ ಅವು ಮಂಪರು ತರುತ್ತವೆ. ಎಚ್ಚರವಾಗಿರುವುದೇ ಕಷ್ಟವಾಗಿರುವವರಿಗೆ ಇದು ದುಬಾರಿ ಬೆಲೆ. ಎರಡನೆಯದಕ್ಕೆ ಕೆಲವೊಮ್ಮೆ ಪ್ಲಾಸ್ಟರ್ ಹಾಕಿ, ಕೆಲವು ದಿನಕ್ಕೊಮ್ಮೆ ಬದಲಿಸುತ್ತಾ, ಪ್ರತಿ ಸಲ ಕೀಲನ್ನು ಸ್ವಲ್ಪ ಸ್ವಲ್ಪ ಬಿಡಿಸುತ್ತಾ ಹೋಗುತ್ತಾರೆ. ಇನ್ನು ದಿನಾ ಕೈ ಎಳೆದು ಹಿಗ್ಗಿಸುವ ವ್ಯಾಯಾಮ. ಅದರಿಂದಲೇ ಕೀಲು ಉಳಿಯುತ್ತದೆ ಎಂದು ಕಲಿತು ಬಂದವಳು ನಾನು. ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಪರಿಶೀಲಿಸುವ ಕೋಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಅದರಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದಿತು. ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಈಗ ಆ ಸಮಯವನ್ನು ಕೈ ಬಳಸುವ ಅಭ್ಯಾಸಕ್ಕೆ ಕೊಡುತ್ತೇನೆ.

ಚುಚ್ಚುಮದ್ದು ಸಡಿಲಿಸಬಲ್ಲದು, ಕಲಿಸಲಾರದು. ಕಲಿಸುವುದು ಅಭ್ಯಾಸವೇ. ಅದೂ ಎಷ್ಟು? ಪಾರ್ಶ್ವವಾಯು ರೋಗಿಗಳ ಚಿಕಿತ್ಸೆಯನ್ನು ಪಕ್ಕದಲ್ಲಿ ಕೂತು ಎಣಿಸಿದ ಒಂದು ಅಧ್ಯಯನ 2009ರಲ್ಲಿ ಬಂತು. ಒಂದು ಸಲದ ಚಿಕಿತ್ಸೆಯಲ್ಲಿ ಕೈ ಮಾಡುತ್ತಿದ್ದ ಉಪಯುಕ್ತ ಚಲನೆಗಳು ಸರಾಸರಿ 32. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಬೇಕಾಗಿದ್ದವು. ಮರುವರ್ಷವೇ, ಗಂಟೆಯೊಂದರಲ್ಲಿ 300ರಷ್ಟು ಮಾಡಿಸಬಹುದೆಂದು ಮತ್ತೊಂದು ಅಧ್ಯಯನ ತೋರಿಸಿತು.

ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ಹಾಕಿ, ಸೋತ ಕೈಯನ್ನೇ ಬಳಸುವಂತೆ ಮಾಡುವ ವಿಧಾನವೂ ಇದೆ. ಎಡ್ವರ್ಡ್ ಟೌಬ್ ಎಂಬ ಮನೋವಿಜ್ಞಾನಿ ಕೋತಿಗಳ ಮೇಲಿನ ಅಧ್ಯಯನದಿಂದ ಅದನ್ನು ರೂಪಿಸಿದರು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೇಳುವವರಿಗೆ ಮಾತ್ರ ಅದು ಸಲ್ಲುತ್ತದೆ. ತಲೆಪೆಟ್ಟಿನವರಲ್ಲಿ ನಾನು ಇನ್ನೂ ಹುಷಾರಾಗಿರುತ್ತೇನೆ. ಸಮತೋಲ ತಪ್ಪುವವರು ಬೀಳುವಾಗ ಹಿಡಿದುಕೊಳ್ಳಲು ಇರುವುದು ಆ ಒಳ್ಳೆಯ ಕೈಯೇ. ಏಕೆ ಕಟ್ಟಿದ್ದಾರೆಂದು ಅರ್ಥವಾಗದವರು ಸಿಟ್ಟಿಗೆದ್ದರೆ ತಪ್ಪು ಅವರದಲ್ಲ.

ನನ್ನ ಬಳಿ ಒಬ್ಬ ಯುವಕ ಬರುತ್ತಿದ್ದ. ದಿನಾ ಬೆಳಿಗ್ಗೆ “ನೀವು ಯಾರು?” ಎಂದು ಕೇಳುತ್ತಿದ್ದ. ದಿನಾ ಹೆಸರು ಹೇಳುತ್ತಿದ್ದೆ. ಅದೇ ಕುರ್ಚಿ, ಅದೇ ಮೇಜು, ಅದೇ ಅಂಗಿ. “ಮೊದಲು ಬಟ್ಟೆ ಹಿಡಿ, ಆಮೇಲೆ ಗುಂಡಿ” ಎಂಬ ಅದೇ ಮಾತು. ನಿನ್ನೆ ಏನು ಮಾಡಿದೆವೆಂದು ಕೇಳಿದರೆ ಇವತ್ತೇ ಮೊದಲು ಬಂದೆ ಅನ್ನುತ್ತಿದ್ದ. ಅವನ ಬೆರಳುಗಳು ಮಾತ್ರ ವಾರದಿಂದ ವಾರಕ್ಕೆ ಚುರುಕಾಗುತ್ತಿದ್ದವು. ನಡೆದದ್ದನ್ನು ನೆನಪಿಡುವ ದಾರಿ ಬೇರೆ, ಕೆಲಸ ಕಲಿಯುವ ದಾರಿ ಬೇರೆ. ಮೊದಲನೆಯದು ಮುಚ್ಚಿಹೋದರೂ ಎರಡನೆಯದು ಬಹಳಷ್ಟು ಸಲ ತೆರೆದಿರುತ್ತದೆ. ಮರೆವಿದೆ, ಇವರಿಗೆ ಏನೂ ಕಲಿಸಲಾಗದು ಎಂದು ಕೈಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಆದರೆ ಈ ದಾರಿಯಲ್ಲಿ ಹೋದದ್ದು ತಪ್ಪಾದರೆ ತಪ್ಪೇ ಕೂತುಬಿಡುತ್ತದೆ. ನಿನ್ನೆ ತಪ್ಪಿದ್ದು ನೆನಪಿಲ್ಲದವರು ಅದನ್ನು ತಿದ್ದಿಕೊಳ್ಳುವುದು ಹೇಗೆ? ಆದ್ದರಿಂದ “ನೀವೇ ಯೋಚಿಸಿ ಮಾಡಿ” ಎಂದು ಪರೀಕ್ಷೆ ಮಾಡುವುದಿಲ್ಲ. ತಪ್ಪುವ ಮೊದಲೇ ಕೈಹಿಡಿದು ಸರಿಯಾದ್ದನ್ನು ಮಾಡಿಸುತ್ತೇವೆ, ಆಮೇಲೆ ಆಸರೆಯನ್ನು ಒಂದೊಂದಾಗಿ ತೆಗೆಯುತ್ತೇವೆ. ನರ್ಸ್, ತಾಯಿ, ಅಣ್ಣ ಎಲ್ಲರೂ ಒಂದೇ ಕ್ರಮದಲ್ಲಿ ಹೇಳಿಕೊಡಬೇಕು. ಕೈ ಪಳಗಿದ ಮೇಲೆ ಬೇರೆ ಅಂಗಿ, ಬೇರೆ ಕೋಣೆ. ಇಲ್ಲದಿದ್ದರೆ ಕಲಿತ ವಿದ್ಯೆ ಆ ಒಂದು ಮೇಜಿಗೇ ಅಂಟಿಕೊಳ್ಳುತ್ತದೆ.

ಮನೆಯವರಿಗೆ ಎರಡು ಮಾತು. ಸೋತ ಕೈಯನ್ನು ಹಿಡಿದಾಗಲಿ, ಕಂಕುಳಿಗೆ ಕೈಹಾಕಿಯಾಗಲಿ ಎತ್ತಬೇಡಿ, ಭುಜದ ಕೀಲು ಜಾರಬಹುದು. ಏನಾದರೂ ಮಾಡಲು ಹೇಳಿದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಶುರುಮಾಡಲು ಅವರ ಮಿದುಳಿಗೆ ಹೊತ್ತು ಬೇಕು, ಅದು ಸೋಮಾರಿತನವಲ್ಲ. ಟಿವಿ ಆರಿಸಿ, ದಣಿವಾಗುವ ಮೊದಲೇ ನಿಲ್ಲಿಸಿ.

ಮೊದಲ ಆರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗ. ಆಮೇಲೆ ನಿಧಾನವಾದರೂ ನಿಲ್ಲಬೇಕೆಂದಿಲ್ಲ, ವರ್ಷಗಳ ನಂತರವೂ ಕೈ ಕಲಿತದ್ದನ್ನು ನೋಡಿದ್ದೇನೆ. ಪೂರ್ತಿ ಮೊದಲಿನಂತಾಗುತ್ತದೆ ಎಂದು ಎಲ್ಲರಿಗೂ ನಾನು ಮಾತು ಕೊಡಲಾರೆ. ಆದರೆ ತಿಂಗಳಿಗೊಮ್ಮೆ ಅದೇ ಅಂಗಿ ಕೊಟ್ಟು, ಗುಂಡಿ ಹಾಕುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಡಿ. “ನನ್ನಿಂದ ಏನೂ ಆಗಲಿಲ್ಲ” ಎಂದು ಅವರು ಅಳುವ ದಿನ ಬರುತ್ತದೆ. ಎಲ್ಲಿಂದ ಎಲ್ಲಿಗೆ ಬಂದೆವೆಂಬುದು ಅವರಿಗೆ ನೆನಪಿರುವುದಿಲ್ಲ. ಅವತ್ತು ಪಕ್ಕದಲ್ಲಿ ಕೂತು ಮೊದಲನೆಯ ವಿಡಿಯೋ ತೋರಿಸಿ.

ನಮಸ್ಕಾರ.